ಬೆಳಕಿನ ಕೌದಿ

ಎಷ್ಟು ಬೆಳಕು ಬೇಕು ಎಂದು ವೈದ್ಯರನ್ನು ಕೇಳುವ ಬದಲು ಚರ್ಮವನ್ನೇ ಕೇಳಿದರೆ ಹೇಗೆ?

ಶಾಕಾಂಬರಿ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ತಾನು ಸಂಶೋಧಕಿಯಾಗಿದ್ದ ಧಾರವಾಡದ ಚರ್ಮಕಿರಣ ಕೇಂದ್ರದ ಕ್ಯಾಂಟೀನಿನಲ್ಲಿ, ಗಿರಮಿಟ್ ತಿನ್ನುತ್ತಾ. ಎದುರಿಗೆ ಕೂತಿದ್ದ ಡಾಕ್ಟರ್ ಸೂಡಿ ಕೇಂದ್ರದ ಮುಖ್ಯಸ್ಥರು. ಅವರು ನಕ್ಕುಬಿಟ್ಟರು. ಹಾಗೆ ನಕ್ಕವರೇ ಕೆಲವು ವರ್ಷಗಳಲ್ಲಿ ಅದೇ ಪ್ರಶ್ನೆಯನ್ನು ತಮ್ಮದೆಂಬಂತೆ ಸಭೆಗಳಲ್ಲಿ ಕೇಳಿ ಚಪ್ಪಾಳೆ ಗಿಟ್ಟಿಸತೊಡಗಿದರು. ದೊಡ್ಡವರ ರೀತಿ ಎಲ್ಲ ಕಡೆಯೂ ಹೀಗೇ. ಶಾಕಾಂಬರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹೆಸರಲ್ಲ, ತಂಗಿಯ ಕೈ.

ತಂಗಿ ಬನಶಂಕರಿ ಗದಗಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಬಂದವರಿಗೆ ಕಾಣಲಿ ಎಂದು ಅವಳ ಒಲೆಯನ್ನು ಬಾಗಿಲ ಪಕ್ಕದಲ್ಲೇ ಹಾಕಿಸಿದ್ದರು. ಬಲಗೈ ಬಡಿಯುವುದು, ಎಡಗೈ ತಿರುಗಿಸುವುದು. ಜೋಳದ ಹಿಟ್ಟಿನ ಮುದ್ದೆ ಕಣ್ಣ ಮುಂದೆಯೇ ಅಗಲವಾಗಿ, ತೆಳ್ಳಗಾಗಿ ಹಂಚಿನ ಮೇಲೆ ಹೋಗಿ ಬೀಳುತ್ತಿತ್ತು. ಆ ಸದ್ದು ಕೇಳಿಯೇ ಜನ ಒಳಗೆ ಬರುತ್ತಾರೆಂದು ಯಜಮಾನ ಮುರಿಗೆಪ್ಪ ಹೇಳಿಕೊಂಡು ತಿರುಗುತ್ತಿದ್ದ. ಹೀಗಿರುವಾಗ ಒಂದು ದಿನ ಅವಳ ತೋರುಬೆರಳ ಗೆಣ್ಣಿನ ಮೇಲೆ ಬಿಳಿ ಚುಕ್ಕೆಯೊಂದು ಕಂಡಿತು. ಹಿಟ್ಟು ಅಂಟಿದೆಯೆಂದು ತೊಳೆದಳು. ಹೋಗಲಿಲ್ಲ. ವರ್ಷ ತುಂಬುವುದರೊಳಗೆ ಎರಡೂ ಕೈಗಳು ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬೆಳ್ಳಗಾದವು.

ತೊನ್ನು ಅಂಟುವುದಿಲ್ಲ, ನೋಯುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಮನಸ್ಸು ಹಿಂದೆ ಸರಿಯುತ್ತದೆ. "ಆಕಿ ಬಡದಿದ್ದು ಬ್ಯಾಡ್ರಿ, ಬ್ಯಾರೆದು ಇದ್ರ ಕೊಡ್ರಿ" ಎಂದು ಒಬ್ಬ ಗಿರಾಕಿ ಅಂದ. ಮರುದಿನ ಇನ್ನೊಬ್ಬ ಅದನ್ನೇ ಅಂದ. ಮುರಿಗೆಪ್ಪ ಕೆಟ್ಟವನಲ್ಲ. ತಲೆ ಕೆರೆದುಕೊಳ್ಳುತ್ತಾ ಬಂದು, "ನಂಗೇನೂ ಅನಸಂಗಿಲ್ಲವಾ. ಜನ ಕೇಳಬೇಕಲ್ಲ? ಕೈ ನೆಟ್ಟಗಾಗೂತನಕ ಮನ್ಯಾಗ ಇರು" ಎಂದ. ಬನಶಂಕರಿ ಒಲೆಯ ಬೂದಿ ತೆಗೆದು, ಹಂಚು ತೊಳೆದಿಟ್ಟು ಬೆಟಗೇರಿಯ ಮನೆಗೆ ನಡೆದುಕೊಂಡೇ ಬಂದಳು. ಅವತ್ತಿನಿಂದ ಮನೆಯಲ್ಲಿ ಕೂಡ ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಹತ್ತಿತು.

ತೊನ್ನಿಗೆ ನೇರಳಾತೀತ ಕಿರಣದ ಚಿಕಿತ್ಸೆ ಹೊಸದೇನಲ್ಲ. ಬಿಳಿ ಮಚ್ಚೆಯಲ್ಲಿ ಬಣ್ಣ ಮಾಡುವ ಕೋಶಗಳು ಸತ್ತಿದ್ದರೂ ಕೂದಲ ಬುಡದಲ್ಲಿ ಕೆಲವು ಅಡಗಿ ಕೂತಿರುತ್ತವೆ. ಹದವಾದ ಕಿರಣ ಬಿದ್ದರೆ ಅವು ಎಚ್ಚೆತ್ತು ಮೇಲೆ ಹತ್ತಿ ಬರುತ್ತವೆ. ಆಗ ಒಂದೊಂದು ಕೂದಲ ಸುತ್ತ ಒಂದೊಂದು ಕಂದು ಚುಕ್ಕೆ ಮೂಡಿ, ಚುಕ್ಕೆಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಿರಣ ಹದ ಮೀರಿದರೆ ಮಾತ್ರ ಕಥೆ ಬೇರೆ. ಅದು ಕೋಶದೊಳಗಿನ ಡಿಎನ್‌ಎ ಎಳೆಯನ್ನು ಅಲ್ಲಲ್ಲಿ ಗಂಟು ಹಾಕಿಬಿಡುತ್ತದೆ. ಕೋಶ ಆ ಗಂಟನ್ನು ಬಿಚ್ಚಲು ನೋಡುತ್ತದೆ. ಬಿಚ್ಚಲಾಗದಿದ್ದರೆ ತಾನಾಗಿಯೇ ಸಾಯುತ್ತದೆ. ಸುಟ್ಟ ಚರ್ಮ ಕೆಂಪಾಗಿ ಸಿಪ್ಪೆ ಏಳುವುದು ಈ ಸಾವಿನಿಂದಲೇ. ಕೆಟ್ಟ ಕೋಶ ಹೀಗೆ ಮರ್ಯಾದೆಯಿಂದ ಜಾಗ ಖಾಲಿ ಮಾಡುವುದರಿಂದಲೇ ನಾವೆಲ್ಲ ಬಿಸಿಲಲ್ಲಿ ತಿರುಗಾಡಿಕೊಂಡಿದ್ದೇವೆ.

ಶಾಕಾಂಬರಿ ಮಾಡಿಸಿದ್ದು ಒಂದು ಕೌದಿ. ಕೂದಲೆಳೆಯಂಥ ದೀಪಗಳನ್ನು ನೇಯ್ದ ಮೆತ್ತನೆಯ ಹೊದಿಕೆ, ಪ್ರತಿ ದೀಪದ ಪಕ್ಕದಲ್ಲೂ ಬಣ್ಣ ಗುರುತಿಸುವ ಒಂದು ಕಣ್ಣು. ತನ್ನ ಕೆಳಗಿನ ಸಾಸಿವೆಯಷ್ಟು ಚರ್ಮವನ್ನು ನೋಡಿ ಅದಕ್ಕೆಷ್ಟು ಕಿರಣ ಬೇಕೋ ಅಷ್ಟನ್ನು ಅದೇ ಲೆಕ್ಕ ಹಾಕುತ್ತದೆ. ಚರ್ಮ ಬೆಳ್ಳಗಿದ್ದರೆ ಕಡಿಮೆ. ಕೆಂಪಾದರೆ ಬಂದ್. ಕಂದಾದರೆ ಹೆಚ್ಚು, ಏಕೆಂದರೆ ಚರ್ಮದ ಸ್ವಂತ ಬಣ್ಣ ಕೋಶಕ್ಕೆ ಕೊಡೆ ಹಿಡಿಯುತ್ತದೆ, ಆ ಕೊಡೆಯನ್ನು ದಾಟಿಸಿ ಕಿರಣ ಕಳಿಸಬೇಕಾಗುತ್ತದೆ. ಇದರ ಜೊತೆಗೆ ಒಂದು ಮುಲಾಮು. ಎಳೆಯ ಬಣ್ಣದ ಕೋಶಗಳು ಮೇಲೆ ಬಂದೊಡನೆ ಸಾಯುವ ಸಂಭವ ಹೆಚ್ಚೆಂದು, ಸಾವನ್ನು ತಡೆದು ನಿಲ್ಲಿಸುವ ಮದ್ದು ಅದು.

"ಮುಲಾಮು ಹಚ್ಚಿದ ಮ್ಯಾಲೆ ಚರ್ಮ ಸುಟ್ರೂ ಕೆಂಪಾಗೂದಿಲ್ಲಲ್ಲ ಶಾಕಾಂಬರಿ? ಕೌದಿಗೆ ಹೆಂಗ ತಿಳೀತದ?" ಎಂದು ಸೂಡಿಯವರು ಒಮ್ಮೆ ಕೇಳಿದ್ದರು. ಆ ಮನುಷ್ಯನಿಗೆ ತಲೆ ಇರಲಿಲ್ಲವೆಂದು ಯಾರೂ ಅನ್ನುವಂತಿಲ್ಲ.

"ಬಿಳಿ ಇದ್ದಲ್ಲಿ ನಾವು ಕಡಿಮಿನೇ ಕೊಡ್ತೀವಿ ಸರ್. ಕಂದು ಇದ್ದಲ್ಲಿ ಬಣ್ಣದ ಕೊಡೆ ಇರ್ತದ. ಸುಡೂ ಪ್ರಶ್ನೇನ ಬರೂದಿಲ್ಲ" ಎಂದಳು ಅವಳು. ಉತ್ತರ ಸರಿಯಾಗಿತ್ತು. ಕಂದು ಎಂದರೆ ಚರ್ಮದ್ದೇ ಬಣ್ಣ ಎಂದು ಅವಳೂ ನಂಬಿದ್ದಳು, ಸೂಡಿಯವರೂ ನಂಬಿದರು.

ಪ್ರಯೋಗಕ್ಕೆ ಒಪ್ಪಿದವರ ಮನೆಮನೆಗೆ ಕೌದಿಗಳು ಹೋದವು. ಒಂದು ಬೆಟಗೇರಿಗೂ ಹೋಯಿತು. ಕಳಿಸುವಾಗ ಶಾಕಾಂಬರಿ ತಾಯಿಗೆ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದಳು: "ಯವ್ವಾ, ಕೈ ತೊಳದು ಮುಲಾಮು ಒಂದ ಸವರಿ ಕೌದಿ ಹೊದಿಸು. ಎಣ್ಣಿ, ಪೌಡರ, ಸ್ನೋ ಯಾವ್ದೂ ಹಚ್ಚಬ್ಯಾಡ."

ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ಪರದೆ. ಬೆಳಗ್ಗೆ ಜನ ಕೌದಿ ಹೊದ್ದ ಹಾಗೆ ಅದರಲ್ಲಿ ಒಂದೊಂದೇ ಚೌಕ ಬೆಳಗುತ್ತಿತ್ತು. ಯಾರದೋ ಬೆನ್ನು, ಯಾರದೋ ಮೊಣಕಾಲು, ಯಾರದೋ ತುಟಿಯಂಚು. ಶಾಕಾಂಬರಿ ಚಹಾ ಹಿಡಿದುಕೊಂಡು ಮೊದಲು ಹುಡುಕುತ್ತಿದ್ದದ್ದು ಬೆಟಗೇರಿಯ ಚೌಕವನ್ನು. ಮೊದಮೊದಲು ಅದರಲ್ಲಿ ಏನೂ ಬದಲಾಗಲಿಲ್ಲ. ಹಿಟ್ಟಿನಲ್ಲಿ ಅದ್ದಿದಂಥ ಎರಡು ಕೈಗಳು, ಅಷ್ಟೇ. ಕೈಬೆರಳಿನ ತೊನ್ನು ಎಲ್ಲಕ್ಕಿಂತ ಮೊಂಡು ಎಂಬುದು ಅವಳಿಗೆ ತಿಳಿದೇ ಇತ್ತು. ಬೆರಳ ತುದಿಯಲ್ಲಿ ಕೂದಲಿಲ್ಲ. ಕೂದಲಿಲ್ಲದ ಮೇಲೆ ಅಡಗಿ ಕೂತ ಕೋಶವೂ ಇಲ್ಲ.

ಆಮೇಲೆ ಒಂದು ಬೆಳಗ್ಗೆ ಚೌಕದಲ್ಲಿ ಕಂದು ಕಾಣಿಸಿತು. ವಾರ ಕಳೆದಾಗ ಕೈ ತುಂಬಾ ಕಂದು. ಕೌದಿ ತನ್ನ ಪಾಡಿಗೆ ತಾನು ಕಿರಣದ ಪ್ರಮಾಣ ಏರಿಸಿತು, ಮತ್ತೆ ಏರಿಸಿತು. ಚರ್ಮ ಕೆಂಪಾಗಲಿಲ್ಲ. ಕೌದಿ ಇನ್ನಷ್ಟು ಏರಿಸಿತು. ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೂಡಿಯವರು ಪೇಢೆ ತರಿಸಿ ಹಂಚಿದರು. ಶಾಕಾಂಬರಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟಳು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಭಾನುವಾರ ಬೆಟಗೇರಿಗೆ ಹೊರಟಳು. ತಾಯಿ ಹಂಪವ್ವ ಹಿತ್ತಲಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಮಗ್ಗದವರ ಆ ಓಣಿಯಲ್ಲಿ ಕೈಯಿಂದ ಬಣ್ಣ ಹಾಕುವವರು ಈಗ ಉಳಿದಿರುವುದು ಬೆರಳೆಣಿಕೆಯಷ್ಟು ಮಂದಿ. ಹರಿದ ಹಳೆಯ ಸೀರೆಯ ಒಂದೆಳೆ ತಂದುಕೊಟ್ಟರೆ ಸಾಕು, ಹಂಪವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಕಾಚು, ಅಳಲೆಕಾಯಿ, ಮದರಂಗಿ, ತುಕ್ಕಿನ ನೀರು ಎಂದು ಅದೂ ಇದೂ ಬೆರೆಸಿ, ಹಳೆಯ ಎಳೆ ಯಾವುದು ಹೊಸದು ಯಾವುದು ಎಂದು ನೇಯ್ದವನಿಗೇ ತಿಳಿಯದಂತೆ ಮಾಡಿಕೊಡುತ್ತಿದ್ದಳು. ಮಗಳನ್ನು ಕಂಡು ನಕ್ಕಳು, ಆದರೆ ಮಾತು ಕಡಿಮೆ.

ಬನಶಂಕರಿ ಮುರಿಗೆಪ್ಪನ ಖಾನಾವಳಿಗೆ ಮತ್ತೆ ಹೋಗುತ್ತಿದ್ದಳು. ಅಕ್ಕನಿಗೆಂದು ಅವತ್ತು ಮನೆಯಲ್ಲೇ ರೊಟ್ಟಿ ಬಡಿದಳು. ಬಳೆಗಳು ಕುಣಿಯುತ್ತಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈ ಮುಚ್ಚಿಕೊಳ್ಳುವ ಅಭ್ಯಾಸ ಹೋಗಿತ್ತು.

ಶಾಕಾಂಬರಿ ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಒಂದೇ ಸಮನಾದ ಕಂದು. ಚುಕ್ಕೆ ಎಲ್ಲಿ? ಚುಕ್ಕೆ ಕೂಡಿದ ಗುರುತೆಲ್ಲಿ? ಉಗುರಿನ ಅಂಚಿಗೂ ಬಣ್ಣ ಬಂದಿದೆಯಲ್ಲ, ಅಲ್ಲಿ ಕೂದಲೇ ಇಲ್ಲವಲ್ಲ? ಪ್ರಶ್ನೆ ಬಂದೇ ಬಂತು. ಅದಕ್ಕೆ ಕೂರಲು ಅವಳು ಜಾಗ ಕೊಡಲಿಲ್ಲ. ಕೌದಿ ಹೊಸ ಬಗೆಯದು, ಕೋಶಗಳು ಮಣಿಕಟ್ಟಿನ ಬದಿಯಿಂದ ಸರಿದು ಬಂದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಬೇರೆ ಯಾರದಾದರೂ ಕೈಯಾಗಿದ್ದರೆ ಹೀಗೆ ಹೇಳಿಕೊಳ್ಳುತ್ತಿರಲಿಲ್ಲ.

"ಏನ್ ಹಂಗ ನೋಡಾಕತ್ತೀ ಅಕ್ಕಾ?"

"ಏನಿಲ್ಲ. ಇದೇನ, ಬೆರಳ ಮ್ಯಾಗ ಗಾಯ?"

"ಹಂಚ ತಾಗೇತಿ. ರೊಟ್ಟಿ ಮಾಡೋರ ಕೈ ಸುಟಗೊಳ್ಳದ ಇರ್ತಾವೇನ?"

ಅದೂ ಸರಿಯೆನಿಸಿತು. ರೊಟ್ಟಿ ಬಡಿಯುವವರ ಕೈಯಲ್ಲಿ ಒಂದಿಲ್ಲೊಂದು ಸುಟ್ಟ ಕಲೆ ಇದ್ದೇ ಇರುತ್ತದೆ. ಶಾಕಾಂಬರಿ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಹೊಟ್ಟೆ ಬಿರಿಯುವಷ್ಟು ಉಂಡಳು. ತಂಗಿ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಕಡೆ ನೋಡಿದಳು. ತಂಗಿ ಇನ್ನೊಂದು ರೊಟ್ಟಿ ಹಾಕಿದಳು.

ಪ್ರಯೋಗದ ನಡುವೆ ಎಲ್ಲರ ಚರ್ಮದಿಂದಲೂ ಒಂದು ಚೂರು ತೆಗೆದು ನೋಡುವುದು ಕೇಂದ್ರದ ಪದ್ಧತಿ. ಆ ಸರದಿ ಬಂದಾಗ ಬನಶಂಕರಿ ಬರಲು ಎರಡು ಸಲ ನೆಪ ಹೇಳಿದಳು. ಮೂರನೆಯ ಸಲ ಶಾಕಾಂಬರಿಯೇ ಗದರಿಸಿ ಕರೆಸಿದಳು. ತೋರುಬೆರಳ ಗಾಯ ಮಾಯ್ದಿರಲಿಲ್ಲ, ಅಂಚು ಸ್ವಲ್ಪ ಎದ್ದಿತ್ತು. ಅದರ ಪಕ್ಕದಿಂದಲೇ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ಬನಶಂಕರಿ ಅಕ್ಕನ ಮುಖ ನೋಡದೆ ಬಸ್ಸು ಹತ್ತಿದಳು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಶಾಕಾಂಬರಿ ಮೊದಲು ಚೂರು ಇಟ್ಟ ಗಾಜು ಅದಲುಬದಲಾಗಿದೆ ಎಂದುಕೊಂಡಳು. ಹೆಸರು ನೋಡಿದಳು. ಬದಲಾಗಿರಲಿಲ್ಲ. ಚರ್ಮದ ಎಲ್ಲಕ್ಕಿಂತ ಮೇಲಿನ ಸತ್ತ ಪದರ ಅಂಚಿನಿಂದ ಅಂಚಿಗೆ ಕಂದು, ಹೊರಗಿನಿಂದ ಹಿಡಿದ ಬಣ್ಣ, ಕಿರಣ ತಡೆಯುವ ಕೊಡೆಯಲ್ಲ. ಅದರ ಕೆಳಗೆ ಬಣ್ಣ ಮಾಡುವ ಕೋಶ ಒಂದೇ ಒಂದು ಇಲ್ಲ. ಕೊಡೆ ಇಲ್ಲದೆ ಬರೀ ತಲೆಯಲ್ಲಿ ನಿಂತ ಬಿಳಿ ಚರ್ಮದ ಕೋಶಗಳು, ಕಂದು ಚರ್ಮಕ್ಕೆಂದು ಕಳಿಸಿದ ಕಿರಣವನ್ನು ದಿನವೂ ಉಂಡಿದ್ದವು. ಎಂದೋ ಸಾಯಬೇಕಾಗಿದ್ದವು. ಮುಲಾಮು ಸಾಯಲು ಬಿಟ್ಟಿರಲಿಲ್ಲ. ಗಂಟುಬಿದ್ದ ಎಳೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಒಡೆದು ಎರಡಾಗಿ, ಎರಡು ನಾಲ್ಕಾಗಿ, ಸಾಲು ಮುರಿದು, ಒಂದರ ಮೇಲೊಂದು ಬಿದ್ದು ಆಳಕ್ಕೆ ಇಳಿಯುತ್ತಿದ್ದವು. ಅದು ಕ್ಯಾನ್ಸರ್ ಎಂದು ಹೇಳಲು ಅವಳಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಗಾಜನ್ನು ಪೆಟ್ಟಿಗೆಯಲ್ಲಿಟ್ಟು ಎದ್ದಳು.

ಬೆಟಗೇರಿಯ ಹಿತ್ತಲಿನಲ್ಲಿ ಅವಳು ಮೊದಲು ನೋಡಿದ್ದು ಒಲೆಯ ಬದಿಯ ಸಣ್ಣ ತಾಮ್ರದ ಪಾತ್ರೆಯನ್ನು. ಅದರೊಳಗಿನ ನೀರು ತಂಗಿಯ ಮೊಣಕೈ ಬಣ್ಣದ್ದು. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಯವ್ವಾ, ಹಚ್ಚಬ್ಯಾಡ ಅಂದಿದ್ನಲ್ಲ! ಸಾರಿ ಸಾರಿ ಹೇಳಿದ್ನಲ್ಲ!"

ಹಂಪವ್ವ ಗಾಬರಿಯಾಗಿ ಎದ್ದು ನಿಂತಳು. "ಎಣ್ಣಿ ಪೌಡರ ಹಚ್ಚಬ್ಯಾಡ ಅಂದಿದ್ದಿ. ನಾ ಮುಟ್ಟೇ ಇಲ್ಲ. ಅವು ಮ್ಯಾಗ ಕುಂದರ್ತಾವು, ತೊಳದ್ರ ಹೋಗ್ತಾವು. ಇದು ಹಂಗಲ್ಲ ಮಗಳ, ಇದು ಹಿಡದ ಬಣ್ಣ. ನೂಲಿಗೆ ಹಿಡದ ಬಣ್ಣ ನೂಲಿಂದ ಆಗತೈತಿ, ತಿಕ್ಕಿದ್ರೂ ಬಿಡಂಗಿಲ್ಲ. ಚರ್ಮಕ್ಕೂ ಹಂಗ ಅಂತ ತಿಳಕೊಂಡೆ. ಬಲಗೈ ಹಿಟ್ಟಿಗೆ ಸವೀತಿತ್ತು, ಅದಕ್ಕ ಎರಡೆರಡ ಸಲ ಅದ್ದತಿದ್ದೆ."

ಜೀವನವಿಡೀ ಬಣ್ಣದ ಜೊತೆ ಬಾಳಿದವಳ ತಿಳಿವಳಿಕೆ ಅದು. ತೊಳೆದರೆ ಬಿಡುವುದು ಮೋಸ, ಬಿಡದಿರುವುದು ಖರೆ. ಇಷ್ಟು ದಿನ ಆ ತಿಳಿವಳಿಕೆ ಅವಳಿಗೆ ಎಲ್ಲೂ ಕೈಕೊಟ್ಟಿರಲಿಲ್ಲ.

"ನೀನಾದ್ರೂ ಹೇಳಬಾರದಾಗಿತ್ತೇನ ಬನಾ?"

ಬನಶಂಕರಿ ಬಾಗಿಲಿಗೆ ಒರಗಿ ನಿಂತಿದ್ದಳು. "ಕೈ ನೋಡಿ ಮುರಿಗೆಪ್ಪಣ್ಣ ಬಾ ಅಂದ. ಒಳಗಿಂದ ಖರೇ ಬಣ್ಣ ಬರೂತನಕ ಅಷ್ಟ ಇದು, ಆಮ್ಯಾಲೆ ಬಿಡೂಣು ಅಂದ್ಕೊಂಡ್ವಿ. ಬೆಳಕ ಹೆಂಗೂ ಒಳಗ ಹೋಗತೈತಲ್ಲ ಅಂತ. ನಿಂಗ ಹೇಳಾಕ ಫೋನ್ ಮಾಡಿದ್ದೆ ಅಕ್ಕಾ. ನಾ ಬಾಯಿ ತಗಿಯೂದ್ರಾಗ, 'ನಿನ್ನ ಕೈ ನೋಡಿ ಇಲ್ಲಿ ಎಲ್ಲಾರೂ ಕುಣಿಯಾಕತ್ತಾರ' ಅಂದಿ. ನಿನ್ನ ದನಿ ಅಷ್ಟ ಖುಷಿಲೆ ಇದ್ದದ್ದು ನಾ ಕೇಳಿದ್ದಿಲ್ಲ. ಹೆಂಗ ಹೇಳ್ಲಿ?" ಆಮೇಲೆ ಗಾಯದ ಬೆರಳನ್ನು ತಾನೇ ನೋಡಿಕೊಂಡಳು. "ಇದಕ್ಕೇನರ ಆಗೇತೇನು?"

ಶಾಕಾಂಬರಿ ಹೇಳಿದಳು. ಮುಚ್ಚಿಡದೆ ಹೇಳಿದಳು. ಹಂಪವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತನ್ನ ಎರಡು ಕೈಗಳನ್ನು, ಉಗುರಿನೊಳಗೆಲ್ಲ ಬಣ್ಣ ತುಂಬಿದ ಆ ಕೈಗಳನ್ನು ಮುಂದೆ ಚಾಚಿ, "ಇವನ್ನ ಕಡೀರಿ, ಇವನ್ನ ಕಡೀರಿ" ಎಂದು ಕೂಗತೊಡಗಿದಳು. ಇಬ್ಬರು ಹೆಣ್ಣುಮಕ್ಕಳೂ ಸೇರಿ ಅವಳನ್ನು ಕೂರಿಸಲು ಹೆಣಗಬೇಕಾಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ತೋರುಬೆರಳು ತೆಗೆದರು. ಅಂಗೈಯೊಳಗೂ ಇಳಿದಿದೆ ಎಂದರು. ಆಮೇಲೆ ಮಣಿಕಟ್ಟಿನವರೆಗೆ ಬಲಗೈ ತೆಗೆದರು. ಎಡಗೈಗೆ ಬಣ್ಣ ಬಿದ್ದದ್ದು ಕಡಿಮೆ, ಕಿರಣ ಬಿದ್ದದ್ದೂ ಕಡಿಮೆ. ಅದು ಉಳಿಯಿತು. ಉಳಿಯಿತು ಎಂದರೆ ಇನ್ನು ಬದುಕಿರುವವರೆಗೂ ಆಗಾಗ ಪರೀಕ್ಷೆ ಮಾಡಿಸುತ್ತಾ, ಗೆಣ್ಣಿನ ಮೇಲೊಂದು ಗೀರು ಬಿದ್ದರೂ ಎದೆ ಹಿಡಿದುಕೊಳ್ಳುತ್ತಾ ಇರಬೇಕು.

ಕೇಂದ್ರದಲ್ಲಿ ಶಾಕಾಂಬರಿ ಆ ಗಾಜು ನೋಡಿದ ದಿನವೇ ಎಲ್ಲ ಕೌದಿಗಳನ್ನೂ ನಿಲ್ಲಿಸಿದ್ದಳು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಕಪ್ಪಾದವು. ಸೂಡಿಯವರು ಬಂದು ಪಕ್ಕದಲ್ಲಿ ಕೂತರು. ಪಾಪ, ಅವರ ಮುಖವೂ ಇಳಿದಿತ್ತು.

"ನಿಯಮ ತಪ್ಪಿದ್ದಿಲ್ಲ ಶಾಕಾಂಬರಿ. ಆಕಿ ಬಣ್ಣ ಹಚಗೊಂಡಿದ್ದು ತಪ್ಪು. ಇನ್ನ ಮ್ಯಾಲೆ ಬಣ್ಣ ಪತ್ತೆ ಮಾಡೋ ಒಂದು ಪರೀಕ್ಷೆ ಸೇರಿಸಿ ಮತ್ತ ಸುರು ಮಾಡೋಣು."

"ಬಣ್ಣ ಹಚಗೊಳ್ಳದ ಬದುಕಾಕ ಆಕಿನ್ನ ಯಾರ ಬಿಟ್ಟಿದ್ರು ಸರ್?" ಎಂದಳು ಶಾಕಾಂಬರಿ. "ಖಾನಾವಳಿಗೆ ಬಂದ ಜನಾ ಕೈ ಬಣ್ಣ ನೋಡಿ ನಂಬಿದ್ರು. ನಾವು ಇಷ್ಟೆಲ್ಲಾ ಕಲ್ತು, ಇಷ್ಟ ದೊಡ್ಡ ಯಂತ್ರ ಮಾಡಿ, ಅದಕ್ಕ ಕಲಿಸಿದ್ದೂ ಅದನ್ನ. ಕಂದು ಇದ್ರ ಚಲೋ, ಬಿಳಿ ಇದ್ರ ರೋಗ."

ಸೂಡಿಯವರು ಎದ್ದು ಹೋದರು. ಮುಂದೆ ಪರೀಕ್ಷೆ ಸೇರಿಸಿ ಕೌದಿಗಳನ್ನು ಮತ್ತೆ ಹೊತ್ತಿಸಿದರು ಕೂಡ. ಅದರಿಂದ ಎಷ್ಟೋ ಜನರಿಗೆ ಗುಣವೂ ಆಯಿತು. ಶಾಕಾಂಬರಿ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಸೂಕ್ಷ್ಮದರ್ಶಕದ ಕೆಲಸ ಕೇಳಿ ಪಡೆದು, ದಿನವಿಡೀ ಬೇರೆಯವರ ಚರ್ಮದ ಚೂರುಗಳನ್ನು ಒಂದಕ್ಕೆರಡು ಸಲ ನೋಡುತ್ತಾ ಕೂರುತ್ತಿದ್ದಳು.

ಜೋಳದ ಸುಗ್ಗಿ ಮುಗಿದ ಮೇಲೆ ತಂಗಿಯಿಂದ ಫೋನ್ ಬಂತು. ಮುರಿಗೆಪ್ಪ ಕರೆದಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದೇನೆ, ಒಮ್ಮೆ ಬಂದು ಊಟ ಮಾಡಿಕೊಂಡು ಹೋಗು ಎಂದಳು. ಶಾಕಾಂಬರಿಗೆ ನಂಬಿಕೆಯಾಗಲಿಲ್ಲ. ಹೋದಳು.

ಒಲೆ ಅದೇ ಬಾಗಿಲ ಪಕ್ಕದಲ್ಲಿತ್ತು. ಬನಶಂಕರಿ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು, ಬಲಗೈಯ ಮೊಂಡಿನಿಂದ ಅದನ್ನು ತಿರುಗಿಸುತ್ತಿದ್ದಳು. ಎಡಗೈ ಬೆಳ್ಳಗಿತ್ತು. ಹಂಪವ್ವನ ಬಣ್ಣ ಹಳೆಯ ಚರ್ಮದ ಜೊತೆ ಉದುರಿ ಎಷ್ಟೋ ದಿನವಾಗಿತ್ತು. ಹಂಪವ್ವ ಆ ತಾಮ್ರದ ಪಾತ್ರೆಯನ್ನು ಬಾವಿಗೆ ಎಸೆದಿದ್ದಳು. ಆಮೇಲೆ ನೂಲನ್ನೂ ಮುಟ್ಟಿರಲಿಲ್ಲ. ಖಾನಾವಳಿಯಲ್ಲಿ ಕೂರಲು ಜಾಗವಿರಲಿಲ್ಲ. ಜನ ಅವಳ ಒಲೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದರು. "ಆಕೀ ಕೈಲೆ ಮಾಡಿದ್ದ ಕೊಡ್ರಿ, ಪಾಪ" ಎಂದು ಒಬ್ಬ ಮುರಿಗೆಪ್ಪನಿಗೆ ಹೇಳುತ್ತಿದ್ದ.

ಬನಶಂಕರಿ ಅಕ್ಕನ ತಟ್ಟೆಗೆ ರೊಟ್ಟಿ ಹಾಕಿದಳು. ಅದು ಮೊದಲಿನಷ್ಟು ದುಂಡಗಿರಲಿಲ್ಲ, ಒಂದು ಕಡೆ ದಪ್ಪ, ಅಂಚು ಸೀಳಿತ್ತು.

"ನೋಡಿದೇನ ಅಕ್ಕಾ, ಅವತ್ತ ಬೆಳ್ಳನ ಕೈ ಅಂತ ನನ್ನ ರೊಟ್ಟಿ ಒಲ್ಲೆ ಅಂದೋರು ಇವ್ರು. ಅವತ್ತಿನ ರೊಟ್ಟಿ ಇದಕ್ಕಿಂತ ಎಷ್ಟ ಚಲೋ ಇತ್ತು!" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಇವತ್ತೂ ಅದ ಬೆಳ್ಳನ ಕೈಲೇ ಬಡೀತೀನಿ. ಯಾರೂ ಅದನ್ನ ನೋಡಂಗಿಲ್ಲ. ಇಲ್ಲದ ಕೈಯನ್ನ ನೋಡ್ತಾರ."

ಹಿಂದೆ ನಿಂತವನು ತಟ್ಟೆ ಮುಂದೆ ಚಾಚಿದ. ಬನಶಂಕರಿ ಹಿಟ್ಟಿನ ಕಡೆ ತಿರುಗಿದಳು. ಶಾಕಾಂಬರಿ ಗೋಡೆಯ ಬದಿಗೆ ಸರಿದು ನಿಂತು ರೊಟ್ಟಿ ಮುರಿದಳು. ತಂಗಿ ನೋಡುತ್ತಿದ್ದಾಳೆಂದು ಪೂರ್ತಿ ತಿಂದಳು.